ಚರ್ಚಿನ ಮೈಕು ಕೂಗದಿರಲು ಯಾವ ಉಪಾಯ ಹೆಚ್ಚು ಫಲ ಕೊಡುತ್ತದೆ?

ಪ್ರಸಂಗದ ನಡುವೆ ಸ್ಪೀಕರ್‌ಗಳು ಒಮ್ಮೆಲೇ ಕಿರುಚಿಕೊಂಡಾಗ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ, ಎರಡು ಕ್ಷಣಗಳಲ್ಲಿ ಅದು ನಿಲ್ಲುತ್ತದೆ. ನಿಜವಾದ ನಷ್ಟ ಆಮೇಲೆ ಶುರುವಾಗುತ್ತದೆ. ಮಿಕ್ಸರ್ ನೋಡಿಕೊಳ್ಳುವವರು ಹೆದರಿ ಫೇಡರನ್ನು, ಅಂದರೆ ದನಿ ಏರಿಳಿಸುವ ಜಾರುಗುಂಡಿಯನ್ನು, ಇಳಿಸಿಬಿಡುತ್ತಾರೆ. ಮತ್ತೆ ಏರಿಸಲು ಧೈರ್ಯ ಬರುವುದಿಲ್ಲ. ಹಿಂದಿನ ಬೆಂಚುಗಳಲ್ಲಿ ಕುಳಿತ, ಕಿವಿ ಮಂದವಾದ ಹಿರಿಯರು ಕೊನೆಯ ಪ್ರಾರ್ಥನೆಯವರೆಗೂ ಅರ್ಧಂಬರ್ಧ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಅವರಿಗೆ ಪ್ರತಿ ಮಾತೂ ತಲುಪಬೇಕೆಂಬುದೇ ಈ ಇಡೀ ಹೋಲಿಕೆಯ ಉದ್ದೇಶ. ಹಾಗಾಗಿ ಪ್ರತಿಯೊಂದು ಉಪಾಯಕ್ಕೂ ನಾನು ಕೇಳುವ ಪ್ರಶ್ನೆ ಒಂದೇ ಬಗೆಯದು: ಕೂಗು ಹುಟ್ಟುವ ಮುನ್ನ ಇದರಿಂದ ಎಷ್ಟು ಡೆಸಿಬೆಲ್ (ಧ್ವನಿಯ ಮಟ್ಟದ ಅಳತೆ) ಹೆಚ್ಚುವರಿ ಧ್ವನಿ ಸಿಗುತ್ತದೆ, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕಾಗುತ್ತದೆ?

ಕೂಗು ಹುಟ್ಟುವ ಬಗೆ ಸರಳವಾಗಿದೆ. ಮೈಕಿಗೆ ಬಿದ್ದ ಧ್ವನಿ ಸ್ಪೀಕರಿನಿಂದ ಹೊರಬಂದು, ಅದರಲ್ಲೊಂದು ಪಾಲು ಮತ್ತೆ ಅದೇ ಮೈಕಿಗೆ ಬೀಳುತ್ತದೆ. ಮರಳಿ ಬಂದದ್ದು ಮೊದಲಿನಷ್ಟೇ ಬಲವಾಗಿದ್ದು, ಅಲೆಗಳು ಒಂದರ ಮೇಲೊಂದು ಕೂಡಿಕೊಳ್ಳುವಂತಿದ್ದರೆ, ಪ್ರತಿ ಸುತ್ತಿನಲ್ಲೂ ಅದು ಬೆಳೆಯುತ್ತಾ ಹೋಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಹೆಸರಿನಿಂದ ಇದಕ್ಕೆ ಲಾರ್ಸನ್ ಪರಿಣಾಮ ಎಂದೂ ಹೇಳುತ್ತಾರೆ. ಸ್ಪೀಕರಿನಿಂದ ಮೈಕಿಗೆ ಸುಮಾರು 3.4 ಮೀಟರ್ ಇದ್ದರೆ ಧ್ವನಿಗೆ ಆ ದಾರಿ ಸವೆಸಲು 10 ಮಿಲಿಸೆಕೆಂಡ್ ಬೇಕು. ಅಷ್ಟು ಉದ್ದದ ಸುತ್ತಿನಲ್ಲಿ ಪ್ರತಿ 100 ಹರ್ಟ್ಸ್‌ಗೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ) ಒಂದರಂತೆ ಕೂಗಬಲ್ಲ ಸ್ವರಗಳು ಸಾಲಾಗಿ ನಿಂತಿರುತ್ತವೆ. ಗೋಡೆ, ಚಾವಣಿಗಳಿಂದ ಮರಳುವ ಧ್ವನಿಯನ್ನೂ ಸೇರಿಸಿದರೆ ಆ ಸಾಲಿಗೆ ಕೊನೆಯೇ ಇಲ್ಲ. ಎಲ್ಲಕ್ಕಿಂತ ಬಲವಾದದ್ದು ಮೊದಲು ಕೂಗುತ್ತದೆ. ಅದನ್ನು ಅಡಗಿಸಿದರೆ ಎರಡನೆಯದು ಕಾದು ಕುಳಿತಿರುತ್ತದೆ. ಯಂತ್ರಗಳಿಂದ ಸಿಗುವ ಲಾಭಕ್ಕೆ ಯಾವಾಗಲೂ ಒಂದು ಮಿತಿ ಇರುವುದಕ್ಕೆ ಇದೇ ಕಾರಣ.

ದೂರದ ಲೆಕ್ಕ

ಯಾವ ಉಪಕರಣ ಕೊಳ್ಳಬೇಕೆಂದು ಯೋಚಿಸುವ ಮೊದಲು ಅಳತೆ ಪಟ್ಟಿ ಹಿಡಿದು ನಾಲ್ಕು ದೂರಗಳನ್ನು ಅಳೆಯಿರಿ: ಬಾಯಿಯಿಂದ ಮೈಕಿಗೆ, ಮೈಕಿನಿಂದ ಹತ್ತಿರದ ಸ್ಪೀಕರಿಗೆ, ಸ್ಪೀಕರಿನಿಂದ ಕೊನೆಯ ಬೆಂಚಿಗೆ, ಮಾತನಾಡುವವರಿಂದ ಕೊನೆಯ ಬೆಂಚಿಗೆ. ಒಂದು ಉದಾಹರಣೆ ನೋಡೋಣ. ವಾಚಕರ ಬಾಯಿಗೂ ಮೈಕಿಗೂ 60 ಸೆಂಟಿಮೀಟರ್. ಮೈಕಿಗೂ ಸ್ಪೀಕರಿಗೂ 6 ಮೀಟರ್. ಸ್ಪೀಕರಿನಿಂದ ಕೊನೆಯ ಬೆಂಚು 15 ಮೀಟರ್, ವಾಚಕರಿಂದ 18 ಮೀಟರ್. ಬಯಲಿನಲ್ಲಿ ಅನ್ವಯಿಸುವ ಸೂತ್ರದಲ್ಲಿ ಈ ಅಂಕಿಗಳನ್ನು ಇಟ್ಟು, ಕೂಗಿನ ಅಂಚಿನಿಂದ ದೂರವಿರಲು 6 ಡೆಸಿಬೆಲ್ ಕಳೆದರೆ, ಸಿಗುವ ಹೆಚ್ಚುವರಿ ಧ್ವನಿ ಸುಮಾರು 15.5 ಡೆಸಿಬೆಲ್. ವಾಚಕರು 2.4 ಮೀಟರ್ ದೂರದಲ್ಲಿ ನಿಂತು ಓದಿದಷ್ಟು ಸ್ಪಷ್ಟವಾಗಿ ಕೊನೆಯ ಬೆಂಚಿಗೆ ಕೇಳಿಸಬೇಕಾದರೆ 17.5 ಡೆಸಿಬೆಲ್ ಬೇಕು. ಎರಡು ಕಡಿಮೆ ಬಿತ್ತು. ಈಗ ವಾಚಕರು ಮೈಕಿಗೆ 30 ಸೆಂಟಿಮೀಟರಿನಷ್ಟು ಹತ್ತಿರ ಬಂದರೆ 6 ಡೆಸಿಬೆಲ್ ಸೇರಿ 21.5 ಆಗುತ್ತದೆ, ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿತು.

ಆದರೆ ಅದೇ ಹೊತ್ತಿನಲ್ಲಿ ಬಲಿಪೀಠದ ಮೈಕು, ಗಾಯನವೃಂದದ ಮೈಕು, ಮೂಲೆಯಲ್ಲಿ ನಿಲ್ಲಿಸಿಟ್ಟ ಇನ್ನೊಂದು ಮೈಕು ಅದೇ ಮಟ್ಟದಲ್ಲಿ ತೆರೆದೇ ಇದ್ದರೆ? ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಹೋಗುತ್ತದೆ. ಒಂದಿದ್ದದ್ದು ನಾಲ್ಕಾದರೆ 6 ಡೆಸಿಬೆಲ್ ನಷ್ಟ, ಮತ್ತೆ 15.5ಕ್ಕೆ ಬಂದು ನಿಂತೆವು. ಒಂದು ಅಡಿ ಮುಂದೆ ಬಂದು ಗಳಿಸಿದ್ದಷ್ಟನ್ನೂ ಯಾರೂ ಬಳಸದ ಮೂರು ಮೈಕುಗಳು ನುಂಗಿಹಾಕಿದವು.

ಈ ಸೂತ್ರ ಬಯಲಿನದು ಎಂದು ಹೇಳಿದೆ. ಕಲ್ಲಿನ ಗೋಡೆ, ಎತ್ತರದ ಚಾವಣಿಯ ಚರ್ಚಿನೊಳಗೆ ಅದರ ಒಂದು ಭಾಗ ಕೆಲಸ ಮಾಡುತ್ತದೆ, ಇನ್ನೊಂದು ಭಾಗ ಕೈಕೊಡುತ್ತದೆ. ಸ್ಪೀಕರಿನಿಂದ ಸ್ವಲ್ಪ ದೂರದವರೆಗೆ ನೇರ ಧ್ವನಿಯ ಆಳ್ವಿಕೆ. ಅದರಾಚೆ ಕಟ್ಟಡದ ಮಾರ್ದನಿಯೇ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿ ಸ್ಪೀಕರನ್ನು ಮೈಕಿನಿಂದ 6 ಮೀಟರಿನ ಬದಲು 12 ಮೀಟರ್ ದೂರ ಇಟ್ಟರೆ ಕಾಗದದ ಮೇಲೆ 6 ಡೆಸಿಬೆಲ್ ಸಿಕ್ಕರೂ ಗಂಟೆಯಂತೆ ಮೊಳಗುವ ಕಟ್ಟಡದಲ್ಲಿ ಹೆಚ್ಚೇನೂ ಸಿಗದೆ ಹೋಗಬಹುದು. ಬಾಯಿಗೂ ಮೈಕಿಗೂ ನಡುವಿನ ದೂರ ಮಾತ್ರ ಯಾವ ಕಟ್ಟಡದಲ್ಲೂ ಮೋಸ ಮಾಡುವುದಿಲ್ಲ, ಏಕೆಂದರೆ ಅಷ್ಟು ಹತ್ತಿರದಲ್ಲಿ ಮಾರ್ದನಿಗೆ ಬಾಯಿಯ ಧ್ವನಿಯನ್ನು ಮೀರುವ ಬಲವಿಲ್ಲ. ಅರ್ಧ ದೂರಕ್ಕೆ ಬಂದರೆ 6 ಡೆಸಿಬೆಲ್ ಪೂರ್ತಿ ಸಿಗುತ್ತದೆ. ನನ್ನ ಆಯ್ಕೆಯ ಕ್ರಮ ಹುಟ್ಟುವುದು ಇಲ್ಲಿಂದಲೇ. ಹಣ ಖರ್ಚು ಮಾಡುವುದಾದರೆ ಮೊದಲು ಬಾಯಿಯ ಹತ್ತಿರ ಮಾಡಿ; ಆಮೇಲೆ ಸ್ಪೀಕರ್; ಧ್ವನಿಯನ್ನು ತಿದ್ದುವ ಪೆಟ್ಟಿಗೆಗಳು ಎಲ್ಲಕ್ಕಿಂತ ಕೊನೆಗೆ.

ಪೀಠದ ಮೈಕು, ಕಾಲರ್ ಮೈಕು, ಹೆಡ್‌ಸೆಟ್, ಹ್ಯಾಂಡ್ ಮೈಕು

ಚರ್ಚುಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಕಾಲರ್ ಮೈಕು. ಅದು ಅಚ್ಚುಕಟ್ಟಾಗಿ ಕಾಣುತ್ತದೆ, ಕೈಗಳು ಬಿಡುವಾಗಿರುತ್ತವೆ, ಧರಿಸಿದವರಿಗೆ ಅದು ಇರುವುದೇ ಮರೆತುಹೋಗುತ್ತದೆ. ಆದರೆ ಬಾಯಿಯಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ, ಗಲ್ಲದ ನೆರಳಿನಲ್ಲಿ ಕುಳಿತಿರುತ್ತದೆ. ಅಕ್ಷರಗಳನ್ನು ಬಿಡಿಸಿ ಕೇಳಿಸುವ ಮೇಲಿನ ಸ್ವರಗಳು ಅಲ್ಲಿಗೆ ಕುಗ್ಗಿ ಬರುತ್ತವೆ. ಎದೆಯ ಕಂಪನದಿಂದ 700-800 ಹರ್ಟ್ಸ್ ಆಸುಪಾಸು ಉಬ್ಬಿಕೊಳ್ಳುತ್ತದೆ. ಬಹುತೇಕ ಕಾಲರ್ ಮೈಕುಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳಿಸಿಕೊಳ್ಳುವಂಥವು. ಮಾತು ಸ್ಪಷ್ಟವಾಗಲೆಂದು ಮೇಲಿನ ಸ್ವರಗಳನ್ನು ಏರಿಸಿದರೆ ಅಲ್ಲೇ ಕೂಗು ಏಳುತ್ತದೆ. ಮೃದು ದನಿಯ ಬೋಧಕರಿಗೆ, ಸಭೆಯ ನಡುವೆ ನಡೆದಾಡಿ ಬೋಧಿಸುವವರಿಗೆ ಇದನ್ನು ನಾನು ಸೂಚಿಸುವುದೇ ಇಲ್ಲ. ಚಿಕ್ಕ ಸಭಾಂಗಣ, ಗಟ್ಟಿ ದನಿ, ನಿಂತಲ್ಲೇ ನಿಲ್ಲುವ ಅಭ್ಯಾಸ, ಈ ಮೂರೂ ಕೂಡಿದಾಗ ಮಾತ್ರ ಅದು ಒಪ್ಪುತ್ತದೆ.

ಹೆಡ್‌ಸೆಟ್ ಮೈಕಿನ ತುದಿ ಬಾಯಿಯ ಅಂಚಿನಿಂದ 2-3 ಸೆಂಟಿಮೀಟರಿನಲ್ಲಿ ಇರುತ್ತದೆ. 20 ಸೆಂಟಿಮೀಟರಿಗೆ ಹೋಲಿಸಿದರೆ ಎಂಟು ಪಟ್ಟು ಹತ್ತಿರ. ದೂರದ ಲೆಕ್ಕವೊಂದನ್ನೇ ಹಿಡಿದರೆ 18 ಡೆಸಿಬೆಲ್ ಲಾಭ. ತುದಿ ಬಾಯಿಯ ನೇರಕ್ಕೆ ಇಲ್ಲದೆ ಪಕ್ಕಕ್ಕಿರುವುದರಿಂದ ಅಷ್ಟೂ ಕೈಗೆ ಬರುವುದಿಲ್ಲ, ಆದರೂ ಈ ಲೇಖನದಲ್ಲಿ ಬರುವ ಬೇರಾವ ಬದಲಾವಣೆಯೂ ಇದರ ಹತ್ತಿರಕ್ಕೆ ಬರುವುದಿಲ್ಲ. ತಲೆ ಅತ್ತಿತ್ತ ತಿರುಗಿದರೂ ಮೈಕು ಜೊತೆಗೇ ತಿರುಗುವುದು ಇನ್ನೊಂದು ದೊಡ್ಡ ಅನುಕೂಲ. ಹೆಡ್‌ಸೆಟ್‌ನಲ್ಲೂ ಎಲ್ಲ ದಿಕ್ಕಿನಿಂದ ಕೇಳಿಸಿಕೊಳ್ಳುವ ಬಗೆ, ಒಂದೇ ದಿಕ್ಕಿನ ಬಗೆ ಎಂದು ಎರಡು ಸಿಗುತ್ತವೆ. ಕೂಗಿಗೆ ಹೆದರಿ ಎರಡನೆಯದನ್ನೇ ಕೊಳ್ಳುವವರು ಬಹಳ. ನನ್ನ ಮಟ್ಟಿಗೆ, ವಾರಕ್ಕೊಮ್ಮೆ ಅವಸರದಲ್ಲಿ ಧರಿಸುವ ಜಾಗದಲ್ಲಿ ಮೊದಲನೆಯದೇ ವಾಸಿ. ತುದಿ ಒಂದಿಷ್ಟು ಜರುಗಿದರೂ ಅದರ ದನಿ ಹೆಚ್ಚು ಬದಲಾಗುವುದಿಲ್ಲ, ಉಸಿರು ಬಡಿಯುವ ಸದ್ದೂ ಕಡಿಮೆ, ಮತ್ತು ಅಷ್ಟು ಹತ್ತಿರವಿದ್ದಾಗ ದಿಕ್ಕಿನ ಲಾಭ ಅಷ್ಟಾಗಿ ಬೇಕಾಗುವುದೂ ಇಲ್ಲ. ವೇದಿಕೆಯ ಮೇಲೆ ಹಾಡುವವರು ತಮ್ಮ ದನಿ ಕೇಳಿಸಿಕೊಳ್ಳಲು ಇಟ್ಟ ಮಾನಿಟರ್‌ಗಳು ಜೋರಾಗಿ ನುಡಿಯುತ್ತಿದ್ದರೆ ಮಾತ್ರ ಒಂದೇ ದಿಕ್ಕಿನದಕ್ಕೆ ಅರ್ಥವಿದೆ. ಮುಖದ ಮೇಲೆ ಕಡ್ಡಿಯಂಥದ್ದು ಬೇಡವೆಂದು ಕೆಲವು ಬೋಧಕರು ಒಪ್ಪದಿರಬಹುದು. ಅವರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಬೇರೆಯವರಿಗೆ ಎರಡೂ ಬಗೆಯ ಮೈಕು ಹಾಕಿಸಿ ಒಂದೇ ಭಾಗವನ್ನು ಓದಿಸಿ ಕೇಳಿಸಿದರೆ, ವಾದ ಮಾಡುವ ಅಗತ್ಯ ಉಳಿಯುವುದಿಲ್ಲ.

ಒಬ್ಬರಾದ ಮೇಲೊಬ್ಬರು ಬಂದು ಓದುವ ಕಡೆ ಹೆಡ್‌ಸೆಟ್ ನಡೆಯದು. ಅಲ್ಲಿ ಬಾಗುವ ಕತ್ತಿನ ಪೀಠದ ಮೈಕೇ ಸರಿ. 15ರಿಂದ 30 ಸೆಂಟಿಮೀಟರ್ ದೂರ, ಬಾಯಿಯತ್ತ ಗುರಿ. ಎತ್ತರದವರೂ ಕುಳ್ಳಗಿನವರೂ ಬರುವುದರಿಂದ, ಓದುವ ಮೊದಲು ಕತ್ತನ್ನು ತಮ್ಮ ಬಾಯಿಯ ಮಟ್ಟಕ್ಕೆ ಬಗ್ಗಿಸಿಕೊಳ್ಳುವುದನ್ನು ವಾಚಕರಿಗೆ ಕಲಿಸಬೇಕು. ಈ ಕಲಿಕೆಗೆ ಖರ್ಚಿಲ್ಲ. ಆದರೂ ಇದನ್ನು ಮಾಡಿಸುವವರು ವಿರಳ ಎನ್ನುವುದು ನನಗೆ ಬೇಸರದ ಸಂಗತಿ. ಪೀಠದ ಎರಡು ಬದಿಗೂ ಒಂದೊಂದು ಮೈಕು ಇಟ್ಟು ಎರಡನ್ನೂ ತೆರೆದಿಡುವ ರೂಢಿಯನ್ನು ಬಿಟ್ಟುಬಿಡಿ. ಎರಡಕ್ಕೂ ದನಿ ಬೇರೆ ಬೇರೆ ಹೊತ್ತಿಗೆ ತಲುಪಿ ಕೆಲವು ಸ್ವರಗಳು ಒಂದನ್ನೊಂದು ಅಳಿಸುತ್ತವೆ. ಜೊತೆಗೆ 3 ಡೆಸಿಬೆಲ್ ದಂಡ. ಎರಡನೆಯದು ಬದಲಿಗೆಂದು ಇರಲಿ, ಮುಚ್ಚಿರಲಿ.

ಕಂಡೆನ್ಸರ್ ಮೈಕು ಬಹಳ ಸೂಕ್ಷ್ಮ, ಅದಕ್ಕೇ ಕೂಗುತ್ತದೆ ಎಂಬ ಮಾತನ್ನು ನಂಬಬೇಡಿ. ಸೂಕ್ಷ್ಮತೆ ಹೆಚ್ಚಿದ್ದರೆ ಗೇನ್ (ಮೈಕಿನ ದನಿಯನ್ನು ಮಿಕ್ಸರ್ ಹಿಗ್ಗಿಸುವ ಪ್ರಮಾಣ) ಅಷ್ಟು ಕಡಿಮೆ ಇಟ್ಟರಾಯಿತು. ಬಾಯಿಯ ಧ್ವನಿಗೂ ಸ್ಪೀಕರಿನ ಧ್ವನಿಗೂ ಇರುವ ಅನುಪಾತ ಅದರಿಂದ ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಮೈಕು ಇರುವ ದೂರ ಮತ್ತು ಅದು ಯಾವ ದಿಕ್ಕಿಗೆ ಕಿವುಡು ಎಂಬುದು.

ಆ ಕಿವುಡು ದಿಕ್ಕಿನ ವಿಚಾರ ಹ್ಯಾಂಡ್ ಮೈಕುಗಳಲ್ಲಿ ಮುಖ್ಯವಾಗುತ್ತದೆ. 1966ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ58ನಂಥ ಕಾರ್ಡಿಯಾಯ್ಡ್ (ಮುಂದಿನಿಂದ ಹೆಚ್ಚು ಕೇಳಿಸಿಕೊಳ್ಳುವ) ಮೈಕಿಗೆ ತೀರಾ ಕಡಿಮೆ ಕೇಳಿಸುವುದು ನೇರ ಹಿಂದೆ, ಅಂದರೆ 180 ಡಿಗ್ರಿಯಲ್ಲಿ. ಇನ್ನೂ ಕಿರಿದಾಗಿ ಕೇಳಿಸಿಕೊಳ್ಳುವ ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಅದು ಸುಮಾರು 126 ಡಿಗ್ರಿಯಲ್ಲಿ, ಹೈಪರ್‌ಕಾರ್ಡಿಯಾಯ್ಡ್ ಮೈಕಿಗೆ ಸುಮಾರು 110 ಡಿಗ್ರಿಯಲ್ಲಿ. ಈ ಎರಡಕ್ಕೂ ನೇರ ಹಿಂದಿನಿಂದ ಒಂದಿಷ್ಟು ಕೇಳಿಸುತ್ತದೆ. ಹಾಗಾಗಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಮಾನಿಟರ್ ಎಲ್ಲಿದೆ ಎಂಬುದರಲ್ಲಿದೆ. ಸ್ಟ್ಯಾಂಡಿನ ಮೇಲೆ ಮೈಕು ನೆಲಕ್ಕೆ ಸಮಾಂತರವಾಗಿದ್ದು ಗಾಯಕರ ಮುಂದೆ ನೆಲದ ಮೇಲೆ ಮಾನಿಟರ್ ಇದ್ದರೆ, ಅದು ಸಾಮಾನ್ಯವಾಗಿ 125-130 ಡಿಗ್ರಿಯ ಸುಮಾರಿಗೆ ಬೀಳುತ್ತದೆ. ಅಲ್ಲಿ ಸೂಪರ್‌ಕಾರ್ಡಿಯಾಯ್ಡ್ ಗೆಲ್ಲುತ್ತದೆ. ಕಾರ್ಡಿಯಾಯ್ಡ್ ಬಳಸುವುದಾದರೆ ಮೈಕಿನ ಬಾಲ ಮಾನಿಟರಿನತ್ತ ತಿರುಗುವಂತೆ ಓರೆಯಾಗಿಸಬೇಕು. ಮೈಕನ್ನು ಕೈಯಲ್ಲಿ ಹಿಡಿದು ಓಡಾಡುವವರಿಗೆ, ಕೋನ ಯಾವಾಗಲೂ ಬದಲಾಗುವುದರಿಂದ, ಹೆಚ್ಚು ಸೈರಣೆಯುಳ್ಳ ಕಾರ್ಡಿಯಾಯ್ಡ್ ಒಳ್ಳೆಯದು. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಎಷ್ಟು ಬೆಲೆಯ ಮೈಕಾದರೂ ದಿಕ್ಕಿನ ಗುಣ ಕಳೆದುಕೊಳ್ಳುತ್ತದೆ, ಕೂಗುತ್ತದೆ. ಎದೆಯ ಬಳಿ ಹಿಡಿದು ಸಾಕ್ಷಿ ಹೇಳುವವರಿಗೆ ಗಲ್ಲಕ್ಕೆ ತಾಗುವಷ್ಟು ಮೇಲೆ ಹಿಡಿಯಲು ಪ್ರೀತಿಯಿಂದ ತಿಳಿಸಿ.

ಗಾಯನವೃಂದ

ಗಾಯನವೃಂದಕ್ಕೆ ದೂರದ ನಿಯಮ ಒಗ್ಗುವುದಿಲ್ಲ. ಮೈಕು ತೀರಾ ಹತ್ತಿರ ಬಂದರೆ ಒಬ್ಬಿಬ್ಬರ ಕಂಠವಷ್ಟೇ ಕೇಳಿಸುತ್ತದೆ. ಮುಂದಿನ ಸಾಲಿನಿಂದ 60ರಿಂದ 90 ಸೆಂಟಿಮೀಟರ್ ಮುಂದೆ, ಹೆಚ್ಚುಕಡಿಮೆ ಅಷ್ಟೇ ಮೇಲೆ ಇರುವ ಒಂದು ಮೈಕು ಹದಿನೈದು ಇಪ್ಪತ್ತು ಮಂದಿಯನ್ನು ಹಿಡಿದುಕೊಳ್ಳುತ್ತದೆ. ದನಿ ಸಾಲದೆಂದು ಇನ್ನೂ ನಾಲ್ಕು ತೂಗುಹಾಕಿದರೆ ಕೂಗು ಬೇಗ ಬರುತ್ತದೆಯೇ ಹೊರತು ದನಿ ಹೆಚ್ಚುವುದಿಲ್ಲ. ಎರಡು ಮೈಕು ಬೇಕೇ ಬೇಕಾದರೆ ಅವುಗಳ ನಡುವಿನ ಅಂತರ, ಗಾಯಕರಿಂದ ಮೈಕಿಗಿರುವ ದೂರದ ಮೂರು ಪಟ್ಟಾದರೂ ಇರಲಿ. ಇಲ್ಲಿ ಹೆಚ್ಚು ಫಲ ಕೊಡುವುದು ಗಾಯನವೃಂದದ ತಲೆಯ ಮೇಲೆ ಬೀಳುತ್ತಿರುವ ಸ್ಪೀಕರನ್ನು ಬೇರೆಡೆಗೆ ತಿರುಗಿಸುವುದು.

ಮಾನಿಟರ್‌ನ ವಿಷಯಕ್ಕೆ ಬಂದರೆ, ನೆಲದ ಮಾನಿಟರಿಗೂ ಕಿವಿಯೊಳಗಿನ ಮಾನಿಟರಿಗೂ ಹೋಲಿಕೆಯೇ ಇಲ್ಲ. ಕಿವಿಯೊಳಗೆ ಹಾಕಿಕೊಂಡರೆ ಮೈಕಿಗೆ ಅತಿ ಹತ್ತಿರವಿದ್ದ ಸ್ಪೀಕರ್ ಸುತ್ತಿನಿಂದಲೇ ಮಾಯವಾಗುತ್ತದೆ. ಹಾಡುವವರಿಗೆ ಸಭೆಯಿಂದ ಬೇರೆಯಾದಂತೆ ಅನ್ನಿಸುವುದು ನಿಜ, ಸಭೆಯ ಹಾಡು ಅವರಿಗೆ ಕೇಳಿಸುವಂತೆ ಒಂದು ಮೈಕನ್ನು ಅವರ ಕಿವಿಗೆ ಮಾತ್ರ ಕಳಿಸಬೇಕಾಗುತ್ತದೆ. ವಾದ್ಯತಂಡ ಇರುವ ಚರ್ಚಾದರೆ ನಾನು ಹಿಂಜರಿಯದೆ ಇದನ್ನೇ ಹೇಳುತ್ತೇನೆ.

ಸ್ಪೀಕರ್: ಜಾಗವೋ, ಜಾತಿಯೋ?

ಸ್ಪೀಕರ್‌ಗಳು ಪೀಠದ ಹಿಂದಿನ ಗೋಡೆಯ ಮೇಲಿದ್ದರೆ ಅವುಗಳ ಮುಂದೆ ತೆರೆದ ಮೈಕು ಸದಾ ಇರುತ್ತದೆ. ಅವನ್ನು ಮೈಕುಗಳಿಗಿಂತ ಮುಂದಕ್ಕೆ, ಸಭೆಯ ಕಡೆಗೆ ತಂದು, ಬೆಂಚುಗಳತ್ತ ಕೆಳಮುಖವಾಗಿ ಬಾಗಿಸುವುದು ಹೊಸದನ್ನು ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಏಣಿ ಮತ್ತು ಒಂದಿಷ್ಟು ಕೇಬಲ್ ಸಾಕು.

ಹೊಸದನ್ನೇ ಕೊಳ್ಳುವುದಾದರೆ ಎರಡು ದಾರಿಗಳಿವೆ. ಮೊದಲನೆಯದು, ಉದ್ದನೆಯ ಕಾಲಂ ಸ್ಪೀಕರ್. ಅದು ಧ್ವನಿಯನ್ನು ಅಡ್ಡಕ್ಕೆ ಅಗಲವಾಗಿ, ಮೇಲೆ ಕೆಳಗೆ ಕಿರಿದಾಗಿ ಹರಡುವುದರಿಂದ ಚಾವಣಿಗೆ ಹೋಗಿ ಮರಳುವ ಧ್ವನಿ ಕಡಿಮೆಯಾಗುತ್ತದೆ. ಮಾರ್ದನಿಯ ಕಟ್ಟಡಗಳಿಗೆ ಇದು ನಿಜವಾದ ಮದ್ದು. ಆದರೆ ಕಾಲಂ ತನ್ನ ಉದ್ದಕ್ಕಿಂತ ಚಿಕ್ಕದಾದ ಅಲೆಗಳನ್ನು ಮಾತ್ರ ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲದು. ಒಂದು ಮೀಟರ್ ಉದ್ದದ್ದಾದರೆ ಸುಮಾರು 350 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಎಲ್ಲೆಡೆಗೂ ಹರಿಯುತ್ತವೆ. ಗಿಡ್ಡ ಕಾಲಂ ಕೊಂಡು ನಿರಾಶರಾಗುವವರು ಈ ಒಂದು ಅಂಶವನ್ನು ನೋಡಿರುವುದಿಲ್ಲ. ಎರಡನೆಯ ದಾರಿ, ಹಾಲಿನ ಉದ್ದಕ್ಕೂ ಚಿಕ್ಕ ಸ್ಪೀಕರ್‌ಗಳನ್ನು ಹಂಚಿ, ಪ್ರತಿಯೊಂದನ್ನೂ ಮಿತವಾದ ದನಿಯಲ್ಲಿ ನುಡಿಸುವುದು. ಮೇಲಿನ ಉದಾಹರಣೆಯಲ್ಲಿ ಕೊನೆಯ ಬೆಂಚಿಗೆ 15 ಮೀಟರಿನ ಬದಲು 7.5 ಮೀಟರಿನಲ್ಲಿ ಸ್ಪೀಕರ್ ಸಿಕ್ಕರೆ ಲೆಕ್ಕದಲ್ಲಿ 6 ಡೆಸಿಬೆಲ್ ಬಂತು. ಹಿಂದಿನ ಸ್ಪೀಕರ್‌ಗಳಿಗೆ ವಿಳಂಬ ಕೊಡದಿದ್ದರೆ ಮಾತು ಎರಡೆರಡು ಸಲ ಕೇಳಿಸುತ್ತದೆ: ಮುಖ್ಯ ಸ್ಪೀಕರಿನಿಂದ 15 ಮೀಟರ್ ಮುಂದಿರುವುದಕ್ಕೆ ಸುಮಾರು 44 ಮಿಲಿಸೆಕೆಂಡ್ ಬೇಕು. ಉದ್ದನೆಯ, ತಗ್ಗು ಚಾವಣಿಯ ಚರ್ಚಿಗೆ ಹಂಚಿದ ಸ್ಪೀಕರ್. ಎತ್ತರದ, ಗಟ್ಟಿ ಗೋಡೆಯ ಚರ್ಚಿಗೆ ಕಾಲಂ.

ಪೆಟ್ಟಿಗೆಗಳ ಸರದಿ

ಸ್ವರಗಳನ್ನು ಪಟ್ಟಿ ಪಟ್ಟಿಯಾಗಿ ಏರಿಳಿಸುವ ಗ್ರಾಫಿಕ್ ಈಕ್ವಲೈಸರ್ ಹಳೆಯದು, ಎಲ್ಲರಿಗೂ ಪರಿಚಿತ. 31 ಪಟ್ಟಿಗಳಲ್ಲಿ ಪ್ರತಿಯೊಂದೂ ಒಂದು ಸಪ್ತಕದ ಮೂರನೇ ಒಂದು ಭಾಗವನ್ನು ಹಿಡಿದುಕೊಂಡಿರುತ್ತದೆ. ಫೇಡರನ್ನು ನಿಧಾನವಾಗಿ ಏರಿಸುತ್ತಾ ಹೋದಾಗ ಮೊದಲು ಮೊಳಗುವ ಸ್ವರವನ್ನು ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಗುರುತಿಸಿ, ಆ ಪಟ್ಟಿಯನ್ನು 3 ಡೆಸಿಬೆಲ್ ಇಳಿಸಿ, ಮತ್ತೆ ಏರಿಸಿ ಮುಂದಿನದನ್ನು ಹುಡುಕಬೇಕು. ನಾಲ್ಕೈದು ಪಟ್ಟಿಗಳಾದ ಮೇಲೆ ನಿಲ್ಲಿಸಬೇಕು. ಹತ್ತು ಹನ್ನೆರಡು ಪಟ್ಟಿಗಳನ್ನು ಇಳಿಸಿದರೆ ಇಡೀ ಧ್ವನಿಯನ್ನೇ ತಗ್ಗಿಸಿದಂತಾಯಿತು. 2000ದಿಂದ 4000 ಹರ್ಟ್ಸ್‌ನ ಪಟ್ಟಿಗಳನ್ನೆಲ್ಲ ನೆಲಕ್ಕೆ ಇಳಿಸಿ ಇಟ್ಟಿರುವ ಈಕ್ವಲೈಸರ್‌ಗಳು ಅನೇಕ ಕಡೆ ಕಾಣುತ್ತವೆ. ಕೂಗು ನಿಂತಿರುತ್ತದೆ, ಜೊತೆಗೆ ವ್ಯಂಜನಗಳ ಸ್ಪಷ್ಟತೆಯೂ ಹೋಗಿರುತ್ತದೆ. ಇಲಿಗೆ ಹೆದರಿ ಮನೆ ಸುಟ್ಟ ಹಾಗೆ. ಆಯ್ಕೆ ಇದ್ದರೆ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಹಿಡಿಯಿರಿ. ಬೇಕಾದ ಸ್ವರದ ಮೇಲೆ, ಬೇಕಾದಷ್ಟೇ ಕಿರಿದಾಗಿ ಕತ್ತರಿಸಬಹುದು. ಡಿಜಿಟಲ್ ಮಿಕ್ಸರ್‌ಗಳಲ್ಲಿ ಪ್ರತಿ ಚಾನೆಲ್‌ಗೂ ಇದು ಇರುತ್ತದೆ, ಹಾಗಾಗಿ ಒಂದು ಮೈಕಿನ ದೋಷಕ್ಕೆ ಉಳಿದ ಮೈಕುಗಳು ದಂಡ ತೆರಬೇಕಿಲ್ಲ. ಮಾತಿನ ಮೈಕುಗಳಿಗೆಲ್ಲ 100 ಹರ್ಟ್ಸ್ ಸುಮಾರಿನಲ್ಲಿ ಕೆಳಗಿನ ಸ್ವರಗಳನ್ನು ಕಡಿಯುವ ಗುಂಡಿ ಒತ್ತಿರಲಿ.

ತಾನೇ ಕೂಗನ್ನು ಪತ್ತೆಹಚ್ಚಿ ಅಡಗಿಸುವ ಪೆಟ್ಟಿಗೆಗಳ ಬಗ್ಗೆ ದೊಡ್ಡ ಆಸೆ ಇಟ್ಟುಕೊಂಡು ಬರುವವರೇ ಹೆಚ್ಚು. ಮೊಳಗುತ್ತಿರುವ ಸ್ವರದ ಮೇಲೆ ಗ್ರಾಫಿಕ್ ಪಟ್ಟಿಗಿಂತ ಬಹಳ ಕಿರಿದಾದ ಕತ್ತರಿಯನ್ನು ಅದು ತಾನಾಗಿ ಹಾಕುತ್ತದೆ. ಮಾತಿನ ಬಣ್ಣ ಕೆಡುವುದು ಕಡಿಮೆ. ಲಾಭ ಸಾಮಾನ್ಯವಾಗಿ 3ರಿಂದ 6 ಡೆಸಿಬೆಲ್. ಅಂದರೆ ವಾಚಕರು ಒಂದು ಅಡಿ ಹತ್ತಿರ ಬಂದರೆ ಸಿಗುವಷ್ಟು, ಅಥವಾ ಅದಕ್ಕಿಂತ ಕಡಿಮೆ. ಅದರ ಕತ್ತರಿಗಳಲ್ಲಿ ಒಂದೆಡೆ ನಿಂತವು, ಚಲಿಸುವವು ಎಂದು ಎರಡು ಬಗೆ. ಆರಾಧನೆಗೆ ಮೊದಲೇ ಖಾಲಿ ಚರ್ಚಿನಲ್ಲಿ ನಿಂತ ಕತ್ತರಿಗಳನ್ನು ಹಾಕಿಸಿ ಬೀಗ ಹಾಕಿ. ಓಡಾಡುವ ಬೋಧಕರಿಗಾಗಿ ಕೆಲವನ್ನು ಚಲಿಸಲು ಬಿಡಿ, ಏಕೆಂದರೆ ಮೈಕು ಜಾಗ ಬದಲಿಸಿದಾಗ ಕೂಗುವ ಸ್ವರವೂ ಬದಲಾಗುತ್ತದೆ. ಆರ್ಗನ್, ಕೊಳಲುಗಳ ಎಳೆದ ಸ್ವರವನ್ನು ಅದು ಕೂಗೆಂದೇ ತಿಳಿದು ಕತ್ತರಿಸಬಲ್ಲದು. ಆದ್ದರಿಂದ ಸಂಗೀತದ ಚಾನೆಲ್‌ಗಳನ್ನು ಇದರೊಳಗೆ ಹಾಯಿಸಬೇಡಿ.

ಸ್ವರವನ್ನೇ ಕೆಲವು ಹರ್ಟ್ಸ್ ಜರುಗಿಸುವ ಇನ್ನೊಂದು ವಿಧಾನವಿದೆ. ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದಲ್ಲಿ ಇದನ್ನು ವಿವರಿಸಿದರು. ಸುಮಾರು 5 ಹರ್ಟ್ಸ್ ಜರುಗಿಸಿದರೆ ಪ್ರತಿ ಸುತ್ತಿನಲ್ಲೂ ಧ್ವನಿ ಬೇರೆ ಸ್ವರವಾಗಿ ಮರಳುವುದರಿಂದ ಒಂದೇ ಕಡೆ ಬೆಳೆಯಲಾರದು. ಮಾತಿಗೆ ಇದು ಒಪ್ಪುತ್ತದೆ. ಹಾಡಿಗೆ ಬೇಡವೇ ಬೇಡ, ಶ್ರುತಿ ಅಲುಗಾಡಿದಂತೆ ಕೇಳಿಸುತ್ತದೆ.

ಪೆಟ್ಟಿಗೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಮೈಕುಗಳ ಮಟ್ಟವನ್ನು ತಾನಾಗಿ ಹೊಂದಿಸುವ ಆಟೊಮಿಕ್ಸರ್ ಮೇಲೆ, ಆದರೆ ಮಾತಿನ ಮೈಕುಗಳು ಅನೇಕವಿದ್ದಾಗ. 1970ರ ದಶಕದಲ್ಲಿ ಡ್ಯಾನ್ ಡುಗನ್ ರೂಪಿಸಿದ ಹಂಚಿಕೆಯ ವಿಧಾನದಲ್ಲಿ, ಯಾವ ಮೈಕಿನಲ್ಲಿ ಮಾತು ಬರುತ್ತಿದೆಯೋ ಅದಕ್ಕೆ ಗೇನ್ ಹೆಚ್ಚಾಗಿ, ಉಳಿದವುಗಳಿಗೆ ಅಷ್ಟೇ ಕಡಿಮೆಯಾಗಿ, ಒಟ್ಟು ಗೇನ್ ಯಾವಾಗಲೂ ಒಂದು ಮೈಕಿನಷ್ಟೇ ಉಳಿಯುತ್ತದೆ. ಎಂಟು ಮೈಕು ತೆರೆದಿದ್ದರೂ 9 ಡೆಸಿಬೆಲ್ ದಂಡ ತಪ್ಪಿತು. ಮಿಕ್ಸರ್ ಮುಂದೆ ಕೂರಲು ತರಬೇತಿ ಪಡೆದವರು ಇಲ್ಲದ, ಪೂಜೆಯ ನಡುವೆ ಮೈಕುಗಳನ್ನು ಮುಚ್ಚಿ ತೆರೆಯುವವರು ಇಲ್ಲದ ಚರ್ಚಿಗೆ ಇದು ವರವೇ. ತರಬೇತಿ ಪಡೆದ ಒಬ್ಬರು ಗಮನವಿಟ್ಟು ಮ್ಯೂಟ್ ಗುಂಡಿ ಒತ್ತುತ್ತಿದ್ದರೆ ಅದೇ ಲಾಭ ಖರ್ಚಿಲ್ಲದೆ ಸಿಗುತ್ತದೆ. ಜೋರು ದನಿಯನ್ನು ಕುಗ್ಗಿಸುವ ಕಂಪ್ರೆಸರ್ ಬಗ್ಗೆ ಒಂದು ಎಚ್ಚರಿಕೆ: ಕುಗ್ಗಿಸಿದ್ದನ್ನು ತುಂಬಲು ಗೇನ್ ಏರಿಸಿದ್ದರೆ, ಬೋಧಕರು ಮಾತು ನಿಲ್ಲಿಸಿದ ಕ್ಷಣದಲ್ಲಿ ಮೈಕು ಅಷ್ಟು ಹೆಚ್ಚು ತೆರೆದುಕೊಂಡಿರುತ್ತದೆ. ಮೌನ ಪ್ರಾರ್ಥನೆಯಲ್ಲಿ ಸಣ್ಣಗೆ ಸಿಳ್ಳೆ ಏಳುವುದು ಇದರಿಂದಲೇ.

ಗೋಡೆಗಳು

ಪರದೆ, ಕಂಬಳಿ, ಹೀರುವ ಹಲಗೆಗಳನ್ನು ಹಾಕಿ ಕಟ್ಟಡದ ಒಟ್ಟು ಹೀರುವಿಕೆಯನ್ನು ಎರಡು ಪಟ್ಟು ಮಾಡಿದರೆ ಮಾರ್ದನಿಯ ಮಟ್ಟ 3 ಡೆಸಿಬೆಲ್ ಇಳಿಯುತ್ತದೆ. ಅಷ್ಟು ಕೆಲಸಕ್ಕೆ ಕೂಗಿನ ಲೆಕ್ಕದಲ್ಲಿ ಸಿಗುವುದು ಇಷ್ಟೇ. ಮಾತಿನ ಸ್ಪಷ್ಟತೆ ಮಾತ್ರ ಬಹಳ ಸುಧಾರಿಸುತ್ತದೆ, ಅದಕ್ಕಾಗಿ ಮಾಡುವುದು ಯೋಗ್ಯ. ಆದರೆ ಇಡೀ ಸಭೆ ಒಟ್ಟಿಗೆ ಹಾಡುವಾಗ ಕಟ್ಟಡ ಕೊಡುವ ತುಂಬು ದನಿ ಕುಗ್ಗುತ್ತದೆ. ಹಾಡನ್ನು ಪ್ರೀತಿಸುವ ಸಭೆ ಇದನ್ನು ಸುಲಭವಾಗಿ ಕ್ಷಮಿಸದು. ಪೀಠದ ಹಿಂದೆ ಒಳಕ್ಕೆ ಬಾಗಿದ ಗೋಡೆ ಅಥವಾ ಮೇಲೆ ಗುಮ್ಮಟ ಇದ್ದು, ಮಾರ್ದನಿ ಅಲ್ಲಿಂದ ಮೈಕಿನ ಮೇಲೆಯೇ ಒಟ್ಟಾಗಿ ಬೀಳುತ್ತಿದ್ದರೆ, ಆ ಒಂದು ಜಾಗಕ್ಕೆ ಮಾತ್ರ ಹೀರುವ ಹೊದಿಕೆ ಹಾಕುವುದು, ಅಥವಾ ಪೀಠವನ್ನೇ ಸ್ವಲ್ಪ ಜರುಗಿಸುವುದು ಇಡೀ ಹಾಲಿಗೆ ಹಲಗೆ ಹೊಡೆಸುವುದಕ್ಕಿಂತ ಜಾಣತನ.

ಕೊಳ್ಳುವ ಮುನ್ನ ಪರೀಕ್ಷೆ

ಎರಡು ಆಯ್ಕೆಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಮಾರುವವರ ಮಾತಿಗಿಂತ ನಿಮ್ಮ ಚರ್ಚಿನದೇ ಉತ್ತರ ಕೇಳಿ. ಉಪಕರಣವನ್ನು ಒಂದು ದಿನಕ್ಕೆ ಎರವಲು ತನ್ನಿ. ಒಬ್ಬರೇ ವಾಚಕರು, ಅದೇ ಜಾಗದಲ್ಲಿ ನಿಂತು, ಅದೇ ಭಾಗವನ್ನು ಅದೇ ದನಿಯಲ್ಲಿ ಓದಲಿ. ಈಗಿರುವ ವ್ಯವಸ್ಥೆಯಲ್ಲಿ ಫೇಡರನ್ನು ನಿಧಾನವಾಗಿ ಏರಿಸಿ, ಮಾತಿನ ಬಾಲದಲ್ಲಿ ಸಣ್ಣ ಮೊಳಗು ಕೇಳಿಸಿದ ಕೂಡಲೇ ನಿಲ್ಲಿಸಿ, 6 ಡೆಸಿಬೆಲ್ ಇಳಿಸಿ, ಕೊನೆಯ ಬೆಂಚಿನಲ್ಲಿ ಮೊಬೈಲಿನ ಶಬ್ದಮಾಪಕ ಆ್ಯಪ್ ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಿ. ಹೊಸದರಲ್ಲೂ ಹಾಗೆಯೇ ಮಾಡಿ. ಆ್ಯಪ್‌ನ ಅಂಕಿ ನಿಖರವಾಗಿರಬೇಕಾಗಿಲ್ಲ. ಎರಡರ ನಡುವಿನ ವ್ಯತ್ಯಾಸವಷ್ಟೇ ಬೇಕು. ಫೇಡರಿನ ಅಂಕಿಯನ್ನು ಹೋಲಿಸಬೇಡಿ, ಮೈಕಿನಿಂದ ಮೈಕಿಗೆ ಸೂಕ್ಷ್ಮತೆ ಬೇರೆ ಇರುವುದರಿಂದ ಅದು ದಾರಿ ತಪ್ಪಿಸುತ್ತದೆ. ವ್ಯತ್ಯಾಸ 3 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಆ ಹಣವನ್ನು ಉಳಿಸಿಕೊಳ್ಳಿ. ಖಾಲಿ ಚರ್ಚಿನಲ್ಲಿ ಜನರ ಬಟ್ಟೆ ಮೈಗಳು ಧ್ವನಿಯನ್ನು ಹೀರುವುದಿಲ್ಲವಾದ್ದರಿಂದ ಅಲ್ಲಿ ತಡೆದುಕೊಂಡದ್ದು ಸಭೆ ತುಂಬಿದಾಗ ಸಾಮಾನ್ಯವಾಗಿ ಇನ್ನೂ ಸುಲಭವಾಗಿ ತಡೆದುಕೊಳ್ಳುತ್ತದೆ. ಕೊನೆಯ ಬೆಂಚಿನಲ್ಲಿ ಅಳತೆ ಮಾಡುವಾಗ ಪಕ್ಕದಲ್ಲಿ ಕಿವಿ ಮಂದವಾದ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ, ಪರಿಚಿತ ವಚನವನ್ನು ಬಿಟ್ಟು ಅಪರೂಪದ ಹೆಸರುಗಳಿರುವ ವಂಶಾವಳಿಯ ಅಧ್ಯಾಯವೊಂದನ್ನು ಓದಿಸಿ, ಕೇಳಿಸಿದ ಹೆಸರುಗಳನ್ನು ಅವರಿಂದಲೇ ಹೇಳಿಸಿ.